ಕೊಟ್ರಪ್ಪನವರ ಜ್ವರದರ್ಶಿ

ರೇಡಿಯೋ ರಿಪೇರಿ ಕೊಟ್ರಪ್ಪನವರು ಹೊಸ ಯಂತ್ರವನ್ನು ಕೆರೆಯ ದಂಡೆಗೆ ತಂದು, ಊದಿನಕಡ್ಡಿ ಬೆಳಗಿ, ಎದೆ ಸೆಟೆಸಿ ನಿಂತರು. ಹಳೇ ದುರ್ಬೀನು, ಸೈಕಲ್ ಡೈನಮೊ, ಮದುವೆಮನೆಯ ಮೈಕಿನ ಕಹಳೆ ಎಲ್ಲ ಸೇರಿ ಅದೊಂದು ಆಕಾರವಾಗಿತ್ತು.

"ಇದು ಜ್ವರದರ್ಶಿ. ಹಕ್ಕಿಗೆ ಜ್ವರ ಇದ್ದರ ಕೆಂಪು ದೀಪ, ಇಲ್ಲಂದರ ಹಸಿರು."

ಅವರ ತಮ್ಮನ ಹೆಂಡತಿ ಕಾಶವ್ವ ಯಂತ್ರದಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಭಾವನವರ ಹಿಂದಿನ ಯಂತ್ರ ರೊಟ್ಟಿ ತಟ್ಟುತ್ತೇನೆಂದು ಒಲೆ ಮುಂದಿನ ಬೆಕ್ಕನ್ನು ತಟ್ಟಿತ್ತು. ಆದರೆ ಈ ಸಲ ನಗುವ ಹೊತ್ತಲ್ಲ. ಗಂಡ ಹೋದ ಮೇಲೆ ಅವಳ ಮನೆ ನಡೆದದ್ದೇ ದಂಡೆಯ ಮೇಲಿನ ಕೋಳಿ ಶೆಡ್ಡಿನಿಂದ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳಲ್ಲಿ ಈ ವರ್ಷ ಹಕ್ಕಿಜ್ವರ ಇದೆಯಂತೆ. ಅದು ಕೋಳಿಗೆ ತಗಲಿದರೆ ಶೆಡ್ಡಿಗೆ ಶೆಡ್ಡೇ ಖಾಲಿ.

"ಅವು ನಡು ನೀರಾಗ ಅದಾವಲ್ರೀ ಭಾವಾರ?"

"ಅದಕ್ಕ ಈ ಕಹಳೆ. ಹಿಂಡಿನ ಮುಂದಾಳು ಕೂಗಿದಂಗ ಕೂಗತೈತಿ. ಒಂಚೂರು ಹತ್ತಿರ ಬರತಾವು, ಅಷ್ಟ."

ಕಹಳೆ ಕೂಗಿತು. ಹಕ್ಕಿಗಳು ತಲೆಯೆತ್ತಿದವು. ಹಸಿರು, ಹಸಿರು, ಮತ್ತೆ ಹಸಿರು. ಆಪುಹುಲ್ಲಿನ ಮರೆಯಲ್ಲಿ ಮುದುಡಿ ಕೂತ ಒಂದರ ಕಡೆ ತಿರುಗಿದಾಗ ಕೆಂಪು.

ಕಾಶವ್ವ ಶೆಡ್ಡಿನ ಕಡೆ ತಿರುಗಿ ನೋಡಿದಳು. "ಸಾಕು, ಆರಿಸ್ರಿ."

ಯಂತ್ರ ಆರಲಿಲ್ಲ. ಕೊಟ್ರಪ್ಪನವರು ಗುಂಡಿ ಒತ್ತಿದರು, ತಿರುವಿದರು, ಗುದ್ದಿದರು. ಕಹಳೆ ಇನ್ನೂ ಜೋರಾಯಿತು. ಕೆರೆಗೆ ಕೆರೆಯೇ ಎದ್ದು ಬಂದಂತೆ ಬಾತುಗಳು ದಂಡೆ ಹತ್ತಿ, ಶೆಡ್ಡಿನ ಕಡೆ ಸಾಲುಗಟ್ಟಿದವು.

"ಭಾವಾರ, ನನ್ನ ಕೋಳಿ!"

ಅವಳು ಓಡಿಹೋಗಿ ಪರದೆ ಇಳಿಬಿಟ್ಟಳು. ಇತ್ತ ಕೊಟ್ರಪ್ಪನವರು ಕೂಗುತ್ತಲೇ ಇದ್ದ ಯಂತ್ರವನ್ನು ಮೊಪೆಡ್ಡಿಗೆ ಬಿಗಿದು, ಊರಾಚೆಯ ಹಾಳು ಕಲ್ಲುಕ್ವಾರಿಯ ಹೊಂಡದತ್ತ ಹೊರಟೇಬಿಟ್ಟರು. ನೆತ್ತಿಯ ಮೇಲೆ ಹಿಂಡಿಗೆ ಹಿಂಡೇ ಹಾರಿತು. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದವರು ಲೋಟ ಮುಚ್ಚಿಕೊಂಡರು.

ಕೆರೆಯಲ್ಲಿ ಉಳಿದದ್ದು ಒಂದೇ ಬಾತು, ಹಾರಲಾಗದ್ದು. ಸುದ್ದಿ ಮುಟ್ಟಿದ ಕೂಡಲೇ ದನದ ದವಾಖಾನೆಯ ಡಾಕ್ಟರ್ ನಸೀಮಾಬಾನು ಕೈಗವಸು, ಮುಖಗವಸು ಹಾಕಿ ಬಂದು ಅದನ್ನು ಹಿಡಿದರು. ಪರೀಕ್ಷೆಯಲ್ಲಿ ಹಕ್ಕಿಜ್ವರವೇ ಎಂದು ಬಂತು.

"ಅಷ್ಟು ದೊಡ್ಡ ಹಿಂಡಿನಾಗ ಇದೊಂದನ್ನ ನಾವು ಯಾವಾಗ ಹುಡುಕತಿದ್ವಿ ಕಾಶವ್ವ? ಹಬ್ಬಿದ ಮ್ಯಾಲೇ ಗೊತ್ತಾಗತಿತ್ತು," ಅಂದರು ಡಾಕ್ಟರು. ಕೆರೆಗೆ ಬೇಲಿ ಬಿತ್ತು. ಕೋಳಿಗಳನ್ನೂ ಪರೀಕ್ಷಿಸಿದರು. ಒಂದಕ್ಕೂ ಸೋಂಕಿರಲಿಲ್ಲ. ಕಾಶವ್ವ ಶೆಡ್ಡಿನ ಬಾಗಿಲಲ್ಲೇ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅತ್ತ ಕ್ವಾರಿಯಲ್ಲಿ ಬ್ಯಾಟರಿ ಸತ್ತು ಕಹಳೆ ನಿಂತಿತ್ತು. ಬಾತುಗಳು ಮಾತ್ರ ಕೊಟ್ರಪ್ಪನವರನ್ನೇ ಮುಂದಾಳೆಂದು ನಂಬಿಬಿಟ್ಟಿದ್ದವು. ಅವರು ನಡೆದರೆ ನಡೆಯುತ್ತಿದ್ದವು, ಕೂತರೆ ಕೂರುತ್ತಿದ್ದವು. ಊರಿಗೆ ಬಂದರೆ ಹಿಂದೆಯೇ ಬಂದಾವು ಎಂದು ಡಾಕ್ಟರು ಅವರನ್ನು ಅಲ್ಲೇ ಇರಿಸಿ, ಹಿಂಡಿನ ಮೇಲೂ ಅವರ ಮೇಲೂ ನಿಗಾ ಇಟ್ಟರು. ಕಾಶವ್ವ ದಿನಾ ರೊಟ್ಟಿ, ಎಣ್ಣೆಗಾಯಿ ಪಲ್ಯ ಒಯ್ದು ದೂರದ ಬಂಡೆಯ ಮೇಲಿಟ್ಟು, ಅವರು ಉಣ್ಣುವ ತನಕ ನಿಂತು ಬರುತ್ತಿದ್ದಳು.

ಬಿಸಿಲು ಏರಿತು; ಹಿಂಡಿಗಾಗಲಿ ಅವರಿಗಾಗಲಿ ಜ್ವರ ಸುಳಿಯಲಿಲ್ಲ. ಬಾತುಗಳು ಉತ್ತರಕ್ಕೆ ಹೊರಡುವ ಕಾಲ. ಆದರೆ ಹೊರಡಲೊಲ್ಲವು, ಮುಂದಾಳು ಏಳಬೇಕಲ್ಲ. ಕೊನೆಗೆ ಕೊಟ್ರಪ್ಪನವರು ಧೋತರ ಎತ್ತಿಕಟ್ಟಿ, ಎರಡೂ ಕೈ ಬಡಿಯುತ್ತ, ಕ್ವಾಕ್ ಕ್ವಾಕ್ ಅನ್ನುತ್ತ ಬಯಲುದ್ದ ಓಡಿದರು. ಹಿಂಡು ಭರ್ರನೆ ಮೇಲೆದ್ದು, ಅವರನ್ನು ದಾಟಿ, ಆಕಾಶದಲ್ಲಿ ಗೆರೆಯಾಯಿತು.

ಏದುಸಿರು ಬಿಡುತ್ತ ಕೂತ ಭಾವನವರಿಗೆ ಕಾಶವ್ವ ನೀರಿನ ತಂಬಿಗೆ ಕೊಟ್ಟಳು.

"ಕೋಳಿ ಉಳಿದದ್ದಕ್ಕ ದೇವರಿಗೆ ಒಂದು ಕಾಯಿ ಒಡಸ್ತೀನ್ರೀ," ಅಂದಳು. "ನೀವು ಹಾರಿ ಹೋಗದ ಉಳಿದದ್ದಕ್ಕ ಇನ್ನೊಂದು."