ಟೋಪಿ ಅಂಗಡಿಯ ಮೇಕೆಗೆ, ವಿದೇಶಿ ನೋಟುಗಳ ವಿಷಯವಾಗಿ

ಮಾನ್ಯ ಮೇಕೆಯವರೇ,

ತಮ್ಮ ಗಡ್ಡಕ್ಕೂ ಕೊಂಬುಗಳಿಗೂ, ವಿಶೇಷವಾಗಿ ತಮ್ಮ ಜೀರ್ಣಶಕ್ತಿಗೂ ನನ್ನ ಗೌರವಪೂರ್ವಕ ವಂದನೆಗಳು. ಹಡಗುಕಟ್ಟೆಯ ಪಕ್ಕದಲ್ಲಿ ಹುಲ್ಲಿನ ಟೋಪಿ ಮಾರುವ ಮಿಸ್ ಆಲ್ಥಿಯಾ ಅವರ ಅಂಗಡಿಯ ಕಂಬಕ್ಕೆ ಕಟ್ಟಿಸಿಕೊಂಡಿದ್ದರೂ ಅಂಗಡಿಯೇ ತಮ್ಮದೆಂಬ ಠೀವಿಯಲ್ಲಿ ನಿಂತಿದ್ದ ತಮಗೆ ನನ್ನ ನೆನಪು ಇರಲಿಕ್ಕಿಲ್ಲ. ಕಳೆದ ಫೆಬ್ರವರಿಯಲ್ಲಿ ಒಂದು ಕಾಲು ಬರಿದಾಗಿ, ಇನ್ನೊಂದಕ್ಕೆ ಉಣ್ಣೆಯ ಕಾಲುಚೀಲ ಹಾಕಿಕೊಂಡು, ತಮ್ಮನ್ನು ಫ್ರೆಂಚ್ ಭಾಷೆಯಲ್ಲಿ ಬೈದ ಕ್ವಿಬೆಕ್ಕಿನ ಮುದುಕ ಫ್ಲೋರಿಯಾಂ ದುಶೇನ್ ನಾನೇ.

ನನ್ನ ದೂರಿನ ಬೇರು ನಮ್ಮೂರಿನಲ್ಲೇ ಇದೆ. ನನ್ನ ಹೆಂಡತಿ ಉಗೆತ್ ಇರುವವರೆಗೂ ಮನೆಯ ದುಡ್ಡೆಲ್ಲ ಅವಳ ಕೈಯಲ್ಲಿತ್ತು. ಕಾಫಿಗೆ ಬೇಕಾದಷ್ಟನ್ನು ಬೆಳಿಗ್ಗೆ ಮೇಜಿನ ಮೇಲಿಡುತ್ತಿದ್ದಳು, ಅದು ಯಾವ ದೇಶದ್ದೆಂದು ನೋಡುವ ಅಗತ್ಯವೂ ನನಗಿರಲಿಲ್ಲ. ಅವಳು ಹೋದ ಮೇಲೆ, ಚಳಿಗೆ ಹೆದರಿ ದಕ್ಷಿಣಕ್ಕೆ ಹೊರಡುವ ನಮ್ಮ ಕಡೆಯ ಮುದುಕರ ವಾಡಿಕೆಯಂತೆ ಕೆರಿಬಿಯನ್ ಹಡಗಿನ ಟಿಕೆಟ್ ತೆಗೆದೆ, ಯಾವ ದುಡ್ಡು ಒಯ್ಯಲಿ ಎಂದು ಸಿಕ್ಕವರನ್ನೆಲ್ಲ ಕೇಳಿದೆ. ಟಿಕೆಟ್ ಕೊಟ್ಟ ಹುಡುಗಿ ಅಮೆರಿಕದ ಡಾಲರ್ ಅಂದಳು. ಭಾವಮೈದುನ, "ನಮ್ ದುಡ್ಡಿಗೇನು ರೋಗ ಬಂದಿದೆಯೇನೋ, ಅದನ್ನೇ ತಗೊಂಡ್ಹೋಗು!" ಎಂದು ರೇಗಿದ. ಕ್ಷೌರದವನು ಫ್ರೆಂಚ್ ದ್ವೀಪಕ್ಕೆ ಯೂರೋ ಬೇಕೆಂದ, ಔಷಧಿ ಅಂಗಡಿಯಾಕೆ ಉಳಿದ ದ್ವೀಪಗಳದೇ ಬೇರೆ ಡಾಲರ್ ಇದೆಯೆಂದಳು. ಯಾರ ಮನಸ್ಸನ್ನೂ ನೋಯಿಸಲಾರದೆ ನಾನು ನಾಲ್ಕನ್ನೂ ನಾಲ್ಕು ಉಣ್ಣೆಯ ಕಾಲುಚೀಲಗಳಲ್ಲಿ ತುಂಬಿ, ಕಾಲಿಗೆರಡರಂತೆ ಒಂದರ ಮೇಲೊಂದು ಹಾಕಿಕೊಂಡೆ. ಆಮೇಲೆ ತಿಳಿಯಿತು, ಹಡಗಿನೊಳಗೆ ಯಾವ ದೇಶದ ದುಡ್ಡೂ ನಡೆಯುವುದಿಲ್ಲವಂತೆ, ಕೊರಳಿಗೆ ನೇತುಹಾಕಿದ ಕಾರ್ಡೊಂದೇ ಸಾಕಂತೆ. ಹೀಗಾಗಿ ಆ ಬಿಸಿಲಿನಲ್ಲಿ ನನ್ನ ಕಾಲುಗಳೆರಡು ಮಾತ್ರ ಶ್ರೀಮಂತವಾಗಿ ಬೆವರುತ್ತಿದ್ದವು.

ಇಷ್ಟೇ ಆಗಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಊಟದ ಮೇಜಿನಲ್ಲಿ ನನ್ನ ಎದುರಿಗೆ ಮಾದಾಂ ಸೊಲಾಂಜ್ ಎಂಬ ವಿಧವೆ ಕೂರುತ್ತಿದ್ದರು. ಉಗೆತ್ ಹೋದ ಮೇಲೆ ನನ್ನ ಮಾತಿಗೆ ಪೂರ್ತಿಯಾಗಿ ನಕ್ಕವರು ಅವರೊಬ್ಬರೇ. ಅವರ ಪಕ್ಕದಲ್ಲಿ ನಿವೃತ್ತ ದಂತವೈದ್ಯ ರೋಸೇರ್, ಜೇಬಿನ ತುಂಬ ಅಮೆರಿಕದ ಒಂದೊಂದು ಡಾಲರಿನ ನೋಟು. "ನಂಗೆ ಟೋಪಿ ಕೊಡ್ಸಿದೋರ ಜೊತೇನೇ ಹಡಗಿನ ಕ್ಯಾಪ್ಟನ್ ಕೊಡೋ ಊಟದ ದಿನ ಕುಣಿಯೋದು!" ಎಂದು ಮಾದಾಂ ತಮಾಷೆಗೆ ಅಂದರು. ನಾನದನ್ನು ತಮಾಷೆಯೆಂದುಕೊಳ್ಳಲಿಲ್ಲ, ದಂತವೈದ್ಯರೂ ಅಂದುಕೊಳ್ಳಲಿಲ್ಲ. ಫ್ರೆಂಚ್ ದ್ವೀಪದಲ್ಲಿ ಮಾದಾಂಗೊಂದು ತೆಂಗಿನ ಐಸ್‌ಕ್ರೀಂ ಕೊಡಿಸಿ ಅಭ್ಯಾಸ ಮಾಡಿಕೊಳ್ಳೋಣವೆಂದರೆ ಯೂರೋ ಎಡಗಾಲಿನ ಒಳಪದರದಲ್ಲಿತ್ತು. ಅದು ಹೊರಬರುವಷ್ಟರಲ್ಲಿ ದಂತವೈದ್ಯರು ದುಡ್ಡು ಕೊಟ್ಟಾಗಿತ್ತು, ಐಸ್‌ಕ್ರೀಂ ಮುಗಿದಾಗಿತ್ತು, ಮಾದಾಂ ಬಾಯಿ ಒರೆಸಿಕೊಂಡಾಗಿತ್ತು.

ಮಾನ್ಯರೇ, ತಮ್ಮಲ್ಲಿಗೆ ಬಂದ ದಿನ ರಾತ್ರಿಯೇ ಕ್ಯಾಪ್ಟನ್ ಊಟವಿದ್ದುದರಿಂದ ತಮ್ಮ ದ್ವೀಪ ನನ್ನ ಕೊನೆಯ ಅವಕಾಶವಾಗಿತ್ತು. ಹಳದಿ ರಿಬ್ಬನ್ನಿನ ಟೋಪಿ ತೋರಿಸಿ, ಪಾದ್ರಿಗಳ ಕಾಲೇಜಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಬೆಲೆ ಕೇಳಲು ಹೋದರೆ, ನನ್ನ ಅತ್ತೆಯ ಛತ್ರಿ ತೋಟದಲ್ಲಿದೆ ಎಂಬ ಪಾಠದ ವಾಕ್ಯವೇ ಹೊರಬಂತು. ಮಿಸ್ ಆಲ್ಥಿಯಾ ಸಹಾನುಭೂತಿಯಿಂದ ಇಪ್ಪತ್ತು ಡಾಲರ್ ಎಂದರು. ನೂರರ ಅಮೆರಿಕನ್ ನೋಟು ಕೊಟ್ಟೆ. "ಬೆಳಿಗ್ಗೆ ಬೆಳಿಗ್ಗೇನೇ ಇಷ್ಟು ದೊಡ್ಡ ನೋಟು ತಂದ್ರೆ ಚಿಲ್ರೆ ಎಲ್ಲಿಂದ ತರ್ಲಪ್ಪಾ? ನಾನ್ ಟೋಪಿ ಮಾರೋಳು, ಬ್ಯಾಂಕಲ್ಲ!" ನಮ್ಮ ಕೆನಡಾದ ಪ್ಲಾಸ್ಟಿಕ್ ನೋಟು ಕೊಟ್ಟೆ, ಅದರೊಳಗಿನ ಪಾರದರ್ಶಕ ಕಿಂಡಿಯಿಂದ ಅವರು ಸಮುದ್ರವನ್ನು ನೋಡಿ, "ಚೆನ್ನಾಗಿ ಕಾಣ್ತದೆ, ನೀನೇ ಇಟ್ಕೋ" ಎಂದು ಹಿಂದಿರುಗಿಸಿದರು. ತಮ್ಮ ದ್ವೀಪದ್ದೇ ಡಾಲರ್ ಬಲಗಾಲಿನ ಒಳಪದರದಲ್ಲಿದ್ದುದರಿಂದ ನಾನು ನೆಲಕ್ಕೆ ಕೂತು, ಮೇಲಿನ ಚೀಲ ಕಳಚಿ, ಕೈಯಲ್ಲಿದ್ದ ನೋಟುಗಳನ್ನೂ ಫ್ರೆಂಚ್ ದ್ವೀಪದಿಂದ ಜೇಬಿನಲ್ಲೇ ಉಳಿದಿದ್ದ ಯೂರೋಗಳನ್ನೂ ಪಕ್ಕದಲ್ಲಿಟ್ಟು, ಒಳಗಿನದನ್ನು ಎಳೆಯತೊಡಗಿದೆ.

ಆಗ ತಾವು ದಯಮಾಡಿಸಿದಿರಿ. ನೂರರ ನೋಟನ್ನು ಕಮಿಷನ್ ಕೇಳದೆ, ಬೆಳಕಿಗೆ ಹಿಡಿದು ನೋಡದೆ, ನನ್ನ ಪಾಸ್‌ಪೋರ್ಟ್ ಕೂಡ ಕೇಳದೆ ಸ್ವೀಕರಿಸಿದ ಏಕೈಕ ಸಂಸ್ಥೆ ತಮ್ಮದು. ಯೂರೋಗಳನ್ನೂ ಅದೇ ದರದಲ್ಲಿ ತೆಗೆದುಕೊಂಡಿರಿ. ನಮ್ಮ ಪ್ಲಾಸ್ಟಿಕ್ ನೋಟನ್ನು ಮಾತ್ರ ಎರಡು ಸಲ ಅಗಿದು ಉಗುಳಿದಿರಿ. ಒಂದು ದೇಶದ ಆರ್ಥಿಕತೆಯ ಬಗ್ಗೆ ಇಷ್ಟು ನೇರವಾದ ಅಭಿಪ್ರಾಯವನ್ನು ನಾನು ಪತ್ರಿಕೆಗಳಲ್ಲೂ ಓದಿಲ್ಲ. ಕೊನೆಗೆ ತಮ್ಮ ದ್ವೀಪದ ಡಾಲರುಗಳನ್ನು ಚೀಲದ ಸಮೇತ ಮುಗಿಸಿದಿರಿ.

ಅಷ್ಟರಲ್ಲಿ ಮಾದಾಂ ಜೊತೆ ಅಂಗಡಿಗೆ ಬಂದ ದಂತವೈದ್ಯರು ಇಪ್ಪತ್ತು ನೋಟು ಎಣಿಸಿಟ್ಟು ಆ ಟೋಪಿಯನ್ನು ಮಾದಾಂ ತಲೆಗೆ ಏರಿಸಿದರು. ನನ್ನ ಕಥೆ ಅಲ್ಲಿಗೆ ಮುಗಿದಿತ್ತು. ನನ್ನನ್ನು ಎಬ್ಬಿಸಲೆಂದು ಮಾದಾಂ ಬಗ್ಗಿದ್ದೇ ತಡ, ತಾವು ಟೋಪಿಯ ಅಂಚಿಗೆ ಬಾಯಿ ಹಾಕಿದಿರಿ, ರಿಬ್ಬನ್ನಿನವರೆಗೆ ಹೋದಿರಿ. "ನನ್ ದುಡ್ಡು ವಾಪಸ್ ಕೊಡಿ!" ಎಂದು ದಂತವೈದ್ಯರು ಕೂಗಿದರು. "ತಲೆ ಮೇಲೆ ಕೂತಾಗ ಅದು ನಿಮ್ದು, ಹೊಟ್ಟೆಗೆ ಹೋದ್ಮೇಲೆ ಅದು ಮೇಕೇದು. ನಂದು ಯಾವಾಗಿತ್ತು?" ಎಂದರು ಮಿಸ್ ಆಲ್ಥಿಯಾ. ದಂತವೈದ್ಯರು ಅಲ್ಲಿಯೇ ನಿಂತು ವಾದಿಸಿದರು. ಮಾದಾಂ ನಕ್ಕೂ ನಕ್ಕೂ ನನ್ನ ಪಕ್ಕದಲ್ಲೇ ನೆಲಕ್ಕೆ ಕೂತು, ಕಣ್ಣೊರೆಸಿಕೊಂಡು, "ಏಳಯ್ಯಾ ಫ್ಲೋರಿಯಾಂ, ಕೈ ಕೊಡು. ಇವತ್ತು ರಾತ್ರಿ ಕುಣಿಯೋಕೆ ನಿಂಗೆ ಬೇರೆ ಕಾಲುಚೀಲ ಇದೆಯಾ?" ಎಂದರು.

ಇರಲಿಲ್ಲ. ಬರಿಗಾಲಲ್ಲೇ ಕುಣಿದೆ.

ಆದ್ದರಿಂದ ತಾವು ದಯವಿಟ್ಟು ನನ್ನ ನೂರು ಡಾಲರಿಗೆ ರಸೀದಿ ಕಳಿಸಬೇಕು, ಎಲ್ಲ ದ್ವೀಪಗಳೂ ಸೇರಿ ಒಂದೇ ನೋಟು ತರುವಂತೆ ಮಾಡಬೇಕು, ಅಲ್ಲಿಯವರೆಗೆ ಪ್ರತಿ ಹಡಗಿನಲ್ಲೂ ತಮ್ಮದೊಂದು ಶಾಖೆ ತೆರೆಯಬೇಕು ಎಂದು ಸವಿನಯವಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ, ಹಾಗೂ ತಮ್ಮಲ್ಲಿ ಠೇವಣಿ ಇಟ್ಟಿರುವ ಗ್ರಾಹಕ,
ಫ್ಲೋರಿಯಾಂ ದುಶೇನ್

ತಾ.ಕ.: ಬರುವ ಫೆಬ್ರವರಿಯಲ್ಲಿ ನಾನೂ ಸೊಲಾಂಜ್ ಕೂಡಿಯೇ ಬರುತ್ತಿದ್ದೇವೆ. ದುಡ್ಡೆಲ್ಲ ಈಗ ಅವಳ ಕೈಯಲ್ಲಿದೆ, ಆದ್ದರಿಂದ ನನ್ನ ಕಾಲುಗಳನ್ನು ನೋಡಿ ಆಸೆಪಡಬೇಡಿ. ದಂತವೈದ್ಯರೂ ಅದೇ ಹಡಗಿನಲ್ಲಿದ್ದಾರೆ. ಅವರ ನೋಟುಗಳು ಚಿಕ್ಕವು, ಹಳೆಯವು, ತುಂಬ ಮೆತ್ತಗಿವೆ.