ಸಿಂಹವಾಣಿ ಸಂಸ್ಥೆಯವರು ನನಗೆ ದಯಪಾಲಿಸಿದ ಮಾತು

ಬೆಂಗಳೂರಿನ ಸಿಂಹವಾಣಿ ಆತ್ಮವಿಶ್ವಾಸ ಸಂಸ್ಥೆಯ ನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ,

ನಾಗಮಂಗಲ ತಾಲ್ಲೂಕು ಬಿಂಡಿಗನವಿಲೆಯಲ್ಲಿ ಬಟ್ಟೆ ಹೊಲಿಯುವ, ಮಾತು ಕಲಿತಾಗಿನಿಂದ ಉಗ್ಗುತ್ತಲೇ ಬಂದಿರುವ ಚಿಕ್ಕಸ್ವಾಮಿ ತಮಗೆ ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾವಿಲ್ಲಿ ಕ್ಷೇಮ. ತಮ್ಮ ವ್ಯಾಪಾರವೂ ಕ್ಷೇಮವೆಂದು ವಾರಪತ್ರಿಕೆಯ ಜಾಹೀರಾತುಗಳಿಂದ ತಿಳಿದು ಸಂತೋಷವಾಯಿತು. ಕಾಗದದ ಮೇಲೆ ನನಗೆ ಉಗ್ಗಿಲ್ಲವಾದ್ದರಿಂದ ಪತ್ರ ಕೊಂಚ ಉದ್ದವಾದರೆ ಮನ್ನಿಸಬೇಕು.

ಮಾನ್ಯರೇ, ನನಗೆ ಪದದ ಮೊದಲಿಗೆ ಬರುವ 'ಪ' ಅಕ್ಷರವಂತೂ ಬಾಯಿಂದ ಹೊರಡುವುದೇ ಇಲ್ಲ. ಪಾಂಡವಪುರಕ್ಕೆ ಹೋಗಬೇಕಾದಾಗಲೆಲ್ಲ ಕಂಡಕ್ಟರನ ಮುಂದೆ ಒದ್ದಾಡಲಾರದೆ ಶ್ರೀರಂಗಪಟ್ಟಣಕ್ಕೆ ಟಿಕೆಟ್ ಕೊಂಡು ನಡುವೆ ಇಳಿದುಬಿಡುತ್ತಿದ್ದೆ. ಇಂಥವನ ಕಣ್ಣಿಗೆ, 'ಉಗ್ಗುವವನು ಬದುಕಿದ್ದೂ ಇಲ್ಲದವನು! ಕೆಲವೇ ಸೀಟುಗಳು ಉಳಿದಿವೆ!' ಎಂಬ, ಉಗ್ಗು ಬಿಡಿಸುವ ಕ್ಯಾಸೆಟ್ಟಿನ ಜಾಹೀರಾತಿನಲ್ಲಿದ್ದ ತಮ್ಮ ಕರುಣೆಯ ನುಡಿ ಬಿತ್ತು. "ಮನೇಲಿ ಕೂತ್ಕಂಡು ಕೇಳೋ ಕ್ಯಾಸೆಟ್ಗೆ ಸೀಟು ಎಲ್ಲಿಂದ ಬಂತು?" ಎಂದು ನನ್ನ ಹೆಂಡತಿ ಮಂಗಳಮ್ಮ ಕೇಳಿದ್ದು ನಿಜ, ಸೀಟು ತಪ್ಪೀತೆಂದು ನಾನು ಓಡಿಹೋಗಿ ಮನಿಯಾರ್ಡರ್ ಮಾಡಿದ್ದೂ ನಿಜ. ಸದಸ್ಯರ ದಾಖಲೆಗೆಂದು ತಾವು ಕೇಳಿದ ಫೋಟೋವನ್ನೂ ಕಳಿಸಿದೆ.

ಕ್ಯಾಸೆಟ್ಟು ಬಂತು. ಅದರಲ್ಲಿ ಅಪ್ಪಣೆಯಾದಂತೆ ಕನ್ನಡಿಯ ಮುಂದೆ ನಿಂತು 'ನಾನು ಸಿಂಹ' ಎಂದು ಬೆಳಿಗ್ಗೆ ಸಂಜೆ ಗರ್ಜಿಸಿದೆ. ಸಿಂಹ ಬಾಯಿಂದ ಪೂರ್ತಿ ಹೊರಬರುವಷ್ಟರಲ್ಲಿ ಪಕ್ಕದ ಮನೆಯ ಕುರಿಗಳು ಮೇವು ಮುಗಿಸಿರುತ್ತಿದ್ದವು. ಗುಣ ಕಾಣಲಿಲ್ಲವೆಂದು ಬರೆದರೆ, ದೋಷ ಕ್ಯಾಸೆಟ್ಟಿನದಲ್ಲ, ನನ್ನ ನಂಬಿಕೆಯದೆಂದೂ ಅದನ್ನು ಸರಿಪಡಿಸುವ ಎರಡನೆಯ ಕ್ಯಾಸೆಟ್ಟು ಸಿದ್ಧವಿದೆಯೆಂದೂ ಉತ್ತರ ಕೊಟ್ಟಿರಿ. ಕಾಯಿಲೆಯನ್ನು ವಾಸಿ ಮಾಡದೆಯೂ ಕಾಯಿಲೆಯವನನ್ನೇ ತಪ್ಪಿತಸ್ಥನನ್ನಾಗಿ ಮಾಡುವ ಈ ವಿದ್ಯೆ ನಮ್ಮ ಜಿಲ್ಲೆಯ ಯಾವ ನಾಟಿ ವೈದ್ಯನಿಗೂ ಒಲಿದಿಲ್ಲ.

ಅದೇ ವಾರ ಪತ್ರಿಕೆಯಲ್ಲಿ ನನ್ನ ಫೋಟೋ ಕಂಡಿತು. ಕೆಳಗೆ, 'ಮೂಗನಂತಿದ್ದ ನಾನು ಇಂದು ಭಾಷಣಕಾರ. ಬಿಂಡಿಗನವಿಲೆಯ ಜನ ನನ್ನ ಮಾತಿಗೆ ಕಾದು ಕೂರುತ್ತಾರೆ' ಎಂದು ನಾನೇ ಹೇಳಿದ್ದೆ. ಒಂದಕ್ಷರವೂ ಉಗ್ಗದೆ ಹೇಳಿದ್ದೆ! ಅಂದಿನಿಂದ ನಮ್ಮೂರ ಬಸ್ ನಿಲ್ದಾಣದಲ್ಲಿ, "ಏನ್ಲಾ ಸಿಂಹ, ಒಂದ್ಸಲ ಗರ್ಜಿಸ್ಲಾ" ಎನ್ನುವವರಿಗೆ ಬರವಿಲ್ಲ. ಅದನ್ನು ಹೇಗೋ ನುಂಗಿಕೊಂಡಿದ್ದೆ.

ಆದರೆ ಮಾನ್ಯರೇ, ಒಂದು ಮಧ್ಯಾಹ್ನ ಸಂತೆಬಾಚಹಳ್ಳಿಯ ಬೈರಮ್ಮನೆಂಬ ಹೆಂಗಸು ಎರಡು ಬಸ್ಸು ಬದಲಾಯಿಸಿ, ಮಗಳು ಮೇಘನಳ ಕೈಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. "ಅಣ್ಣ, ಪೇಪರ್ನಲ್ಲಿ ನಿಮ್ ಪಟ ನೋಡ್ದೆ. ನಮ್ ಉಡ್ಗೀಗೂ ಉಗ್ಗು. ಪಾಠ ಓದಕ್ಕೆ ನಿಂತ್ರೆ ಎಲ್ಲಾ ನಗ್ತಾರೆ ಅಂತ ಸ್ಕೂಲೇ ಬುಡಿಸ್ಬುಟ್ಟೆ. ಓಲೆ ಮಾರಾದ್ರೂ ಆ ಕ್ಯಾಸೆಟ್ ತರಿಸ್ತೀನಿ. ನೀವೊಂದೆಲ್ಡು ಮಾತಾಡಿ ತೋರ್ಸಿ, ಇವ್ಳಿಗೆ ಧೈರ್ಯ ಬತ್ತದೆ," ಎಂದಳು.

ತಲೆಯಾಡಿಸಿ ಸುಮ್ಮನಿದ್ದಿದ್ದರೆ ತಮ್ಮ ಮಾನವೂ ನನ್ನ ಮಾನವೂ ಉಳಿಯುತ್ತಿತ್ತು. ಆ ಹುಡುಗಿ ನನ್ನ ಬಾಯನ್ನೇ ನೋಡುತ್ತಿದ್ದಳು. "ಸು... ಸುಳ್ಳು ಕಣವ್ವ. ನಂ... ನಂಗೆ ಏನೂ ವಾ... ವಾಸಿಯಾಗಿಲ್ಲ. ಓ... ಓಲೆ ಮಾರಬ್ಯಾಡ," ಎಂದೆ.

ಬೈರಮ್ಮನ ಮುಖ ಇಳಿದುಹೋಯಿತು. ಬಂದ ದಾರಿಗೆ ಸುಂಕವಿಲ್ಲದವಳಂತೆ ಎದ್ದು ನಿಂತಳು. ಮೇಘನ ಮಾತ್ರ ಏಳಲಿಲ್ಲ. "ನಿ... ನಿಮ್ಗೂ ಮೊ... ಮೊದ್ಲಕ್ಷರಾನೇ ನಿಂತೋಯ್ತದಾ?" ಎಂದು ಕೇಳಿದಳು. ಹೊರಗಿನವರೆದುರು ಮಗಳು ತಾನಾಗಿ ಬಾಯಿ ಬಿಟ್ಟದ್ದನ್ನು ಎಂದೂ ಕಂಡಿರದ ತಾಯಿ ಮತ್ತೆ ಕುಳಿತುಬಿಟ್ಟಳು. ಯಾವ ಅಕ್ಷರ ಕಷ್ಟ, ಯಾರ ಮುಂದೆ ಹೆಚ್ಚು, ನಕ್ಕವರಿಗೆ ಏನು ಮಾಡಬೇಕು ಎಂದು ನಾವಿಬ್ಬರೂ ಮಾತಿಗೆ ಕೂತೆವು. ಕೊನೆಗೆ ಮಂಗಳಮ್ಮನೇ, "ನೀವಿಬ್ರೂ ಇಂಗೇ ಮಾತಾಡ್ತಾ ಕುಂತ್ರೆ ಅವ್ರ ಬಸ್ಸು ಒಂಟೋಯ್ತದೆ," ಎಂದು ಎಬ್ಬಿಸಬೇಕಾಯಿತು.

ಮರುವಾರ ನಾನೇ ಸಂತೆಬಾಚಹಳ್ಳಿಗೆ ಹೋಗಿ, ಅವಳ ಮೇಷ್ಟ್ರ ಮುಂದೆ ಬೇಕಾದಷ್ಟು ಉಗ್ಗಿ, ಅವಳ ಮಾತನ್ನು ಬೇರೆಯವರು ಮುಗಿಸಬಾರದು, ಅವಳೇ ಮುಗಿಸುವವರೆಗೆ ಕಾಯಬೇಕೆಂದು ಬೇಡಿಕೊಂಡೆ. ಒಳ್ಳೆಯ ಮನುಷ್ಯ, ಒಪ್ಪಿದರು. ಮೇಘನ ಈಗ ಶಾಲೆಗೆ ಹೋಗುತ್ತಿದ್ದಾಳೆ. ಉಗ್ಗು ಹಾಗೇ ಇದೆ. ಪಾಠ ಓದುವುದನ್ನು ಬಿಟ್ಟಿಲ್ಲ.

ಇನ್ನು ನನ್ನ ಸಣ್ಣ ಬಿನ್ನಹ. ಜಾಹೀರಾತಿನಲ್ಲಿ ಮಾತನಾಡಿದ ಆ ಇನ್ನೊಬ್ಬ ಚಿಕ್ಕಸ್ವಾಮಿಯನ್ನು ದಯವಿಟ್ಟು ನಮ್ಮ ಮನೆಗೆ ಕಳಿಸಿಕೊಡಿ. ಅವನನ್ನು ಹುಡುಕಿಕೊಂಡು ಜನ ಇನ್ನೂ ಬರುತ್ತಿದ್ದಾರೆ. ಅವನು ಅವರೊಂದಿಗೆ ಮಾತನಾಡಿಕೊಂಡಿದ್ದರೆ ನಾನು ಹೊಲಿಗೆ ನೋಡಿಕೊಳ್ಳುತ್ತೇನೆ. ಊಟ ನಮ್ಮಲ್ಲೇ ಆಗಲಿ. ಅವನು ಸಿಗದಿದ್ದರೆ, ಅದೇ ಪುಟದಲ್ಲಿ, ಅದೇ ಫೋಟೋದ ಕೆಳಗೆ, ನಡೆದದ್ದನ್ನು ಅಚ್ಚು ಹಾಕಿಸಿ.

ತಮ್ಮ ವಿಶ್ವಾಸಿ (ಆತ್ಮವಿಶ್ವಾಸಿಯಲ್ಲ),
ಚಿಕ್ಕಸ್ವಾಮಿ

ಮರೆತ ಮಾತು: ಶ್ರೀರಂಗಪಟ್ಟಣದಲ್ಲಿ ತಾವು ನಡೆಸಲಿರುವ ವಿಜಯ ಸಮಾವೇಶಕ್ಕೆ ಬಂದು, ಹಾರ ಹಾಕಿಸಿಕೊಂಡು ವೇದಿಕೆಯ ಮೇಲೆ ಕುಳಿತರೆ ಸಾಕು, ಮಾತನಾಡುವ ತೊಂದರೆ ಬೇಡವೆಂದು ಬರೆದಿದ್ದೀರಿ. ತಾವು ತಯಾರಿಸಿದ ಭಾಷಣಕಾರನಿಗೆ ಇಷ್ಟೊಂದು ವಿಶ್ರಾಂತಿಯೇ? ಖಂಡಿತ ಬರುತ್ತೇನೆ, ಆದರೆ ಮೈಕು ಕೊಡಬೇಕು. ನಡೆದದ್ದಷ್ಟನ್ನೇ ಹೇಳುತ್ತೇನೆ, ನನ್ನ ವೇಗಕ್ಕೆ ಸಂಜೆಯಾದೀತು, ಜನರಿಗೆ ಊಟದ ಏರ್ಪಾಡು ಮಾಡಿಸಿ. ನನ್ನ ನಂತರ ಮೇಘನಳೂ ಎರಡು ಮಾತನಾಡುತ್ತಾಳಂತೆ.