ಮೊಹರು ಬಿದ್ದ ಬೂಟು

ರಗ್ಬಿ ಆಟಗಾರನ ಪಾದಕ್ಕೂ ಅವನ ಬೂಟಿಗೂ ಅಳತೆಯಲ್ಲಿ ಭಿನ್ನಾಭಿಪ್ರಾಯ ಬಂದಲ್ಲಿ ತಪ್ಪು ಪಾದದ್ದೇ ಎಂದು ತೂಕ ಮತ್ತು ಅಳತೆ ಇಲಾಖೆಯು ತೀರ್ಮಾನಿಸಿದೆ. ತೀರ್ಮಾನ ಸರ್ವಾನುಮತದ್ದು. ಪಾದಗಳೂ ಸಭೆಗೆ ಹಾಜರಿದ್ದವಾದರೂ ಮೇಜಿನ ಕೆಳಗಿದ್ದ ಕಾರಣ ಅವುಗಳ ಅಭಿಪ್ರಾಯ ಕೇಳಲಾಗಲಿಲ್ಲ.

ಇಷ್ಟಕ್ಕೂ ಮೂಲ ಒಂದು ಅರ್ಜಿ. ಬರೆದವನು ಇಲಾಖೆಯ ತಕ್ಕಡಿ ತಪಾಸಣೆಗಾರ. ಹಗಲೆಲ್ಲ ಅಂಗಡಿ ಅಂಗಡಿ ಸುತ್ತಿ ತೂಕದ ಬಟ್ಟು ಪರೀಕ್ಷಿಸುವುದು ಅವನ ಕೆಲಸ, ಸಂಜೆಯಾದರೆ ಇಲಾಖೆಯ ರಗ್ಬಿ ತಂಡದ ನಾಯಕ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಕ್ಯಾಪ್ಟನ್. ರಗ್ಬಿ ಗೊತ್ತಿಲ್ಲದವರಿಗೆ ಹೇಳುವುದಾದರೆ, ಒಂದೊಂದು ಕಡೆಗೆ ಹದಿನೈದು ಜನ, ಮೊಟ್ಟೆಯಾಕಾರದ ಒಂದು ಚೆಂಡು. ಅದನ್ನು ಬಗಲಲ್ಲಿ ಅವುಚಿಕೊಂಡು ಎದುರಾಳಿಯ ಕೊನೆಯ ಗೆರೆ ದಾಟಿ ನೆಲಕ್ಕೆ ಮುಟ್ಟಿಸಬೇಕು. ಕೈಯಿಂದ ಕೊಡುವುದಾದರೆ ಹಿಂದಿರುವವನಿಗೆ ಕೊಡಬೇಕೇ ಹೊರತು ಮುಂದಿರುವವನಿಗೆ ಕೊಡುವಂತಿಲ್ಲ. ಕಡತಗಳನ್ನು ಹೀಗೇ ಸಾಗಿಸಿ ರೂಢಿಯಿದ್ದ ಇಲಾಖೆಯವರಿಗೆ ಈ ನಿಯಮ ಚೆನ್ನಾಗಿ ಒಗ್ಗಿತ್ತು. ಆಟದಲ್ಲಿ ಉಳಿದದ್ದು ಯಾವುದೂ ಒಗ್ಗಿರಲಿಲ್ಲ. ವರ್ಷಕ್ಕೊಮ್ಮೆ ಅಗ್ನಿಶಾಮಕ ದಳದ ಎದುರು ಆಡುತ್ತಿದ್ದರು, ಇಲ್ಲಿಯವರೆಗೆ ಆ ಗೆರೆ ದಾಟಿದವರು ಒಬ್ಬರೂ ಇಲ್ಲ.

ಹೋದ ವರ್ಷ ಕ್ಯಾಪ್ಟನ್ ದಾಟಿಯೇಬಿಟ್ಟಿದ್ದ ಅನ್ನಬೇಕು. ಗೆರೆ ಇನ್ನೊಂದೇ ಹೆಜ್ಜೆ ಅನ್ನುವಾಗ ಆಫೀಸಿನ ಬೂಟು ಒದ್ದೆ ಹುಲ್ಲಿನ ಮೇಲೆ ಜಾರಿತು, ಮುಖ ಹೋಗಿ ಬೆಂಕಿ ಆರಿಸುವವನೊಬ್ಬನ ಮೊಣಕಾಲಿಗೆ ಬಡಿಯಿತು. ಮುಂದಿನ ಎರಡು ಹಲ್ಲು ಅಲ್ಲೇ ಉಳಿದವು. ಹಲ್ಲು ಹೋದದ್ದಕ್ಕೆ ಅವನಿಗೇನೂ ಬೇಸರವಿರಲಿಲ್ಲ. ಆ ಒಂದು ಹೆಜ್ಜೆ ಮಾತ್ರ ವರ್ಷವಿಡೀ ಅವನ ನಿದ್ದೆ ಕೆಡಿಸಿತ್ತು.

ಹಲ್ಲಿನ ಬೇಸರವನ್ನೆಲ್ಲ ಹೆಂಡತಿ ಪಟ್ಟಳು. "ರೀ, ಆಡಬೇಡಿ ಅಂತ ನಾನು ಹೇಳಲ್ಲ, ಹೇಳಿದ್ರೂ ನೀವು ಕೇಳಲ್ಲ. ಆದ್ರೆ ಸ್ಟಡ್ ಬೂಟು, ಹಲ್ಲಿಗೆ ಕವಚ, ತಲೆಗೆ ಟೊಪ್ಪಿಗೆ ಇಷ್ಟೂ ಇಲ್ದೆ ಮೈದಾನಕ್ಕೆ ಕಾಲಿಟ್ರೆ, ಈ ಮನೆಗೆ ಕಾಲಿಡೋ ತಾಪತ್ರಯ ತಗೋಬೇಡಿ."

ಅದಕ್ಕೇ ಆ ಅರ್ಜಿ. ಅದರಲ್ಲಿ ಅವನು ಬುದ್ಧಿವಂತಿಕೆಯಿಂದಲೇ ಬರೆದಿದ್ದ. ಬೂಟು ಅವರವರ ಕಾಲಿಗೆ ಬಿಗಿಯಾಗಿ ಕೂರಬೇಕು, ಅಡಿಯ ಸ್ಟಡ್ಡುಗಳು ಒದ್ದೆ ನೆಲವನ್ನು ಕಚ್ಚಿ ಹಿಡಿಯಬೇಕು. ಹಲ್ಲಿನ ಕವಚವನ್ನು ಬಿಸಿನೀರಲ್ಲಿ ಮೆದು ಮಾಡಿ, ಅವರವರೇ ಕಚ್ಚಿ ತಮ್ಮ ಹಲ್ಲಿನ ಅಚ್ಚು ಮೂಡಿಸಿಕೊಳ್ಳಬೇಕು. ಟೊಪ್ಪಿಗೆ ಮೆತ್ತಗಿರಬೇಕು, ಕಿವಿ ಮುಚ್ಚಬೇಕು. ಈ "ಅವರವರ" ಎಂಬ ಮಾತು ಇಲಾಖೆಯಲ್ಲಿ ಹಿಂದೆಂದೂ ಬಳಕೆಯಲ್ಲಿ ಇರಲಿಲ್ಲವಾದ್ದರಿಂದ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಲಾಯಿತು. ಉಳಿದದ್ದು ಮಂಜೂರಾಯಿತು.

ನಿಯಮದಂತೆ ಮೊದಲು ಒಂದು ಜೊತೆ ಮಾದರಿ ತರಿಸಿ ದೊಡ್ಡ ಸಾಹೇಬರ ಒಪ್ಪಿಗೆ ಪಡೆಯಬೇಕು. ಉಗ್ರಾಣದ ಗುಮಾಸ್ತ ಟ್ರೇಯಲ್ಲಿ ಬೂಟು, ಟೊಪ್ಪಿಗೆ ಮತ್ತು ಬಿಸಿನೀರಿನ ಲೋಟದಲ್ಲಿ ತೇಲುತ್ತಿದ್ದ ಹಲ್ಲಿನ ಕವಚ ಹಿಡಿದು ಕೋಣೆಗೆ ಹೋದಾಗ ಸಾಹೇಬರ ಚಹಾದ ಹೊತ್ತು. ಅವರು ಫೋನಿನಲ್ಲಿ ಮಾತಾಡುತ್ತಲೇ ಲೋಟಕ್ಕೆ ಕೈಹಾಕಿ, ಕವಚವನ್ನು ಬಾಯಿಗಿಟ್ಟು ಬಲವಾಗಿ ಕಚ್ಚಿದರು.

"ಸ್ವಲ್ಪ ಗಟ್ಟಿ ಇದೆ," ಎಂದರು. "ಪರವಾಗಿಲ್ಲ. ಇನ್ನೊಂದು ಕೊಡಿ."

"ಮಾದರಿ ಒಂದೇ ಸಾರ್," ಎಂದ ಗುಮಾಸ್ತ.

ಆಮೇಲೆ ಬೂಟು ತೊಟ್ಟು ನೋಡಿದರು. ಸಾಹೇಬರ ಪಾದ ಚಿಕ್ಕದು, ಹೆಬ್ಬೆರಳ ಬುಡದಲ್ಲಿ ನಿಂಬೆಹಣ್ಣಿನಷ್ಟು ಗಂಟು. ಆ ಗಂಟಿಗೆ ಜಾಗ ಮಾಡಿಕೊಡಲು ಚಮ್ಮಾರನನ್ನು ಕರೆಸಿ ಬೂಟನ್ನು ಅಲ್ಲಲ್ಲಿ ಹಿಗ್ಗಿಸಿ, ಅಲ್ಲಲ್ಲಿ ಕುಗ್ಗಿಸಿದರು. ಅವರ ಬಲಗಡೆ ವಾಲಿದ ದವಡೆಯೂ ಉಬ್ಬಿದ ಕೋರೆಹಲ್ಲೂ ಕವಚದಲ್ಲಿ ಆಗಲೇ ಅಚ್ಚುಕಟ್ಟಾಗಿ ಮೂಡಿದ್ದವು. ಎಲ್ಲದಕ್ಕೂ ಅರಗಿನ ಮೊಹರು ಒತ್ತಿ, ಸಭಾಂಗಣದ ಗಾಜಿನ ಕಪಾಟಿನಲ್ಲಿ, ಮಖಮಲ್ಲಿನ ಮೇಲೆ ಮಲಗಿರುವ ಮಾದರಿ ಕಿಲೋಗ್ರಾಂ ಮತ್ತು ಮಾದರಿ ಮೀಟರಿನ ಪಕ್ಕ ಇರಿಸಲಾಯಿತು. ಆ ಕಪಾಟಿನೊಳಗೆ ಹೋದದ್ದು ತಪ್ಪಾಗಲು ಸಾಧ್ಯವಿಲ್ಲ ಎಂಬುದು ಇಲಾಖೆಯ ಬುನಾದಿ.

ಸರಬರಾಜಾದ ಹದಿನೈದು ಜೊತೆಯೂ ಮಾದರಿಗೆ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಬಂದವು. ತಂಡದ ಒಬ್ಬರಿಗೂ ಆಗಲಿಲ್ಲ. ಜೀಪಿನ ಚಾಲಕನನ್ನು ಎಲ್ಲರೂ ಆನೆ ಎಂದು ಕರೆಯುತ್ತಿದ್ದರು. ಅವನ ಕಾಲು ಬೂಟಿನೊಳಗೆ ಬೆರಳಿನವರೆಗೆ ಹೋಗಿ ಅಲ್ಲೇ ನಿಂತಿತು. ಹಲ್ಲಿನ ಕವಚ ಹಾಕಿಕೊಂಡ ಟೈಪಿಸ್ಟು ಅರ್ಧ ದಿನ ಬಾಯಿ ತೆರೆದೇ ಕೂತಿದ್ದ. ಗುಮಾಸ್ತ ಒಬ್ಬೊಬ್ಬರ ಕಾಲನ್ನೂ ಮಾದರಿಯೊಂದಿಗೆ ತಾಳೆ ನೋಡಿ, ಹಿಮ್ಮಡಿಯ ಮೇಲೆ ನೇರಳೆ ಶಾಯಿಯಲ್ಲಿ "ತಿರಸ್ಕೃತ" ಎಂದು ಮುದ್ರೆ ಒತ್ತಿ ಕಳಿಸಿದ.

ಕ್ಯಾಪ್ಟನ್ ಹಿಮ್ಮಡಿ ಒರೆಸಿಕೊಳ್ಳುತ್ತಲೇ ಸಾಹೇಬರ ಕೋಣೆಗೆ ನುಗ್ಗಿದ. "ಸಾರ್, ಬೂಟು ಯಾರಿಗೂ ಆಗ್ತಿಲ್ಲ. ಒಬ್ಬೊಬ್ಬರ ಕಾಲು ಒಂದೊಂದು ಥರ ಅಲ್ವಾ?"

"ಒಂದೊಂದು ಥರ?" ಸಾಹೇಬರು ಕನ್ನಡಕ ತೆಗೆದರು. "ಅಂಗಡಿಯವನ ಕಿಲೋ ನಮ್ಮ ಕಿಲೋಗೆ ತಾಳೆ ಆಗ್ದಿದ್ರೆ ಏನ್ ಮಾಡ್ತೀರಿ ನೀವು?"

"ಜಪ್ತಿ ಮಾಡ್ತೀನಿ ಸಾರ್."

"ಅವನು, ಸ್ವಾಮಿ ನಿಮ್ಮ ಕಿಲೋನೇ ಸರಿ ಇಲ್ಲ ಅಂದ್ರೆ?"

ಕ್ಯಾಪ್ಟನ್ ತಲೆ ಕೆರೆದುಕೊಂಡ. ಹಿಂದಿನ ದಿನವಷ್ಟೇ ಒಬ್ಬ ದಿನಸಿ ಅಂಗಡಿಯವನು ಅದೇ ಮಾತು ಹೇಳಿದ್ದ, ಇವನು ಅವನಿಗೆ ಮುಖಮೂತಿ ನೋಡದೆ ಬೈದು ಬಂದಿದ್ದ. "ಮಾದರಿ ತಪ್ಪಾಗಲ್ಲ ಸಾರ್," ಎಂದ.

"ಅಷ್ಟೇ ಮತ್ತೆ. ನಿಮ್ಮ ಕಾಲನ್ನ ಜಪ್ತಿ ಮಾಡ್ಲಿಲ್ಲವಲ್ಲ ಅಂತ ಸಂತೋಷಪಡಿ."

ಕ್ಯಾಪ್ಟನ್‌ಗೆ ಈ ವಾದ ಎಷ್ಟು ಸರಿ ಎನಿಸಿತೆಂದರೆ, ತನ್ನ ಕಾಲಿನ ಮೇಲೆ ಅವನಿಗೇ ಕೋಪ ಬಂತು.

ಆಟಗಾರರಿಲ್ಲದ ಸಾಮಗ್ರಿ ಉಗ್ರಾಣದಲ್ಲಿ ಕೊಳೆಯುವಂತಿಲ್ಲ. ಆದ್ದರಿಂದ ಪ್ರಕಟಣೆ ಹೊರಬಿತ್ತು: "ಮಾದರಿಗೆ ಹೊಂದುವ ಪಾದ, ದವಡೆ ಮತ್ತು ತಲೆ ಹೊಂದಿರುವ ಸಾರ್ವಜನಿಕರು ಅವುಗಳೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು. ರಗ್ಬಿ ತಿಳಿದಿರುವುದು ಅನರ್ಹತೆ ಅಲ್ಲ." ಊರೇ ಸಾಲು ನಿಂತಿತು. ಕ್ಷೌರಿಕರು, ನರ್ಸುಗಳು, ಬ್ಯಾಂಕಿನವರು, ನಾಟಕದವರು ಎಲ್ಲರೂ ಕಾಲು ಚಾಚಿದರು, ಎಲ್ಲರೂ ನೇರಳೆ ಹಿಮ್ಮಡಿಯೊಂದಿಗೆ ಮನೆಗೆ ಹೋದರು.

ಆ ಹೊತ್ತಿಗೆ ಸಾಹೇಬರ ತಮ್ಮ, ಅಣ್ಣ ಮರೆತು ಬಂದ ಕನ್ನಡಕ ಕೊಡಲು ಬಂದಿದ್ದ. ಸಾಲು ಕಂಡಲ್ಲಿ ನಿಲ್ಲುವ ಸ್ವಭಾವದವನು, ನಿಂತ. ಬೂಟು ಸಲೀಸಾಗಿ ಕೂತಿತು. ಕವಚ ಟಕ್ಕೆಂದು ಕಚ್ಚಿಕೊಂಡಿತು. ಮರುದಿನ ಚಿಕ್ಕಪ್ಪ, ಚಿಕ್ಕಪ್ಪನ ಮಕ್ಕಳು, ಸೋದರತ್ತೆ, ಇಬ್ಬರು ಅಕ್ಕಂದಿರು ಬಂದರು. ಎಲ್ಲರಿಗೂ ಅದೇ ಗಂಟು, ಅದೇ ಕೋರೆಹಲ್ಲು. ಅಳಿಯಂದಿರೂ ಆಸೆಯಿಂದ ಬಂದಿದ್ದರು, ಹೆಬ್ಬೆರಳಲ್ಲೇ ಸಿಕ್ಕಿಬಿದ್ದರು. ಕೊನೆಗೆ ಬಂದವರು ಸಾಹೇಬರ ತಾಯಿ. ಹಲ್ಲು ಹೋಗಿ ಬಹಳ ಕಾಲವಾಗಿದ್ದರೂ ಕಟ್ಟಿಸಿಕೊಂಡ ಸೆಟ್ಟನ್ನು ಹಳೆಯ ಅಚ್ಚಿನಂತೆಯೇ ಕಟ್ಟಿಸಿಕೊಂಡಿದ್ದರು. ಗುಮಾಸ್ತ ಆನಂದಬಾಷ್ಪ ಸುರಿಸುತ್ತ ಅಜ್ಜಿಯ ಹಿಮ್ಮಡಿಗೆ "ಅಂಗೀಕೃತ" ಎಂದು ಒತ್ತಿದ. ಒಟ್ಟು ಹದಿನಾಲ್ಕು ಜನರಾದರು.

ಬಂಧುಪ್ರೇಮದ ಆರೋಪಕ್ಕೆ ಇಲ್ಲಿ ಎಡೆಯೇ ಇರಲಿಲ್ಲ. ಬೂಟಿಗೆ ಕಣ್ಣಿಲ್ಲ, ಹಲ್ಲಿನ ಕವಚಕ್ಕೆ ಶಿಫಾರಸು ಅರ್ಥವಾಗುವುದಿಲ್ಲ. ಇಷ್ಟು ನಿಷ್ಪಕ್ಷಪಾತವಾದ ಆಯ್ಕೆಯನ್ನು ತಾವು ಕಂಡೇ ಇಲ್ಲ ಎಂದು ಸಾಹೇಬರೇ ಹೇಳಿದರು.

ಉಳಿದದ್ದು ಒಂದು ಜಾಗ. ಕ್ಯಾಪ್ಟನ್ ಅದನ್ನು ಬಿಡುವವನಲ್ಲ. ಹಗುರಾದ ಬಟ್ಟಿಗೆ ಸೀಸ ತುಂಬುತ್ತಾರೆ, ಭಾರವಾದದ್ದನ್ನು ಅರದಿಂದ ಉಜ್ಜುತ್ತಾರೆ, ಅದು ಅವನ ಕಸುಬೇ ತಾನೆ? ಹಿಮ್ಮಡಿ ಉಜ್ಜಿದ. ಬೆರಳುಗಳನ್ನು ಬಟ್ಟೆಯಲ್ಲಿ ಬಿಗಿದ. ಆ ಬೂಟಿನಲ್ಲೇ ಉಂಡ, ಮಲಗಿದ, ಹಲ್ಲು ಕಚ್ಚಿ ಸಹಿಸಿದ, ಹಾಗೆ ಕಚ್ಚಿದ್ದು ಕವಚವನ್ನೇ ಆದ್ದರಿಂದ ಎರಡೂ ಕೆಲಸ ಒಟ್ಟಿಗೆ ಆಯಿತು. ಹೋದ ಎರಡು ಹಲ್ಲಿನ ಜಾಗಕ್ಕೆ ದಂತವೈದ್ಯರಿಂದ ಸಾಹೇಬರ ಮಾದರಿಯವೇ ಎರಡು ಹಲ್ಲು ಕಟ್ಟಿಸಿದ. ಕ್ರಮೇಣ ಹೆಬ್ಬೆರಳ ಬುಡದಲ್ಲಿ ಗಂಟು ಕಾಣಿಸಿಕೊಂಡ ಬೆಳಿಗ್ಗೆ ಮನೆಯಲ್ಲಿ ಕುಣಿದಾಡಿಬಿಟ್ಟ.

"ರೀ, ದಯವಿಟ್ಟು ನಗಬೇಡಿ," ಎಂದಳು ಹೆಂಡತಿ. "ನೀವು ನಕ್ರೆ ಸಾಹೇಬ್ರೇ ಬಂದ್ರೇನೋ ಅಂತ ಎದ್ದು ನಿಂತ್ಕೋಬೇಕು ಅನ್ಸುತ್ತೆ."

ತಪಾಸಣೆಯಲ್ಲಿ ಕ್ಯಾಪ್ಟನ್ ಕೂದಲೆಳೆ ವ್ಯತ್ಯಾಸವಿಲ್ಲದೆ ಪಾಸಾದ. ಆದರೆ ತಾಳೆ ನೋಡಿದ ಮೇಲೆ ಮಾದರಿ ಬೂಟನ್ನು ವಾಪಸಿಡಲು ಹೋದ ಗುಮಾಸ್ತನ ಕೈಯಿಂದ ಅಜ್ಜಿ ಅದನ್ನು ಕಸಿದುಕೊಂಡರು. ಅವರಿಗೆ ಕೊಟ್ಟ ಜೊತೆಗಿಂತ ಇದು ಮೆತ್ತಗಿದೆಯಂತೆ. "ನನ್ನ ಮಗನ ಬೂಟು ನಾನು ಹಾಕ್ಕೊಂಡ್ರೆ ನಿಂಗೇನಪ್ಪ?" ಎಂದು ಕೇಳಿ, ಅದನ್ನೇ ತೊಟ್ಟು ಮನೆಗೆ ಹೋದರು. ಮೊಹರು ಹೊಸ್ತಿಲಲ್ಲೇ ಉದುರಿತು.

ಗಾಜಿನ ಕಪಾಟಿನಲ್ಲಿ ಬೂಟಿನ ಜಾಗ ಬರಿದಾಯಿತು. ಮಾದರಿಯೇ ಇಲ್ಲವೆಂದ ಮೇಲೆ ಅದಕ್ಕೆ ತಾಳೆಯಾದ ಹದಿನಾಲ್ಕು ಜನರ ಗತಿ? ತುರ್ತು ಸಭೆ ಸೇರಿತು. ಸಾಹೇಬರನ್ನು ಬಿಟ್ಟರೆ ಇಲಾಖೆಯ ನೌಕರರಲ್ಲಿ ಮಾದರಿಗೆ ಹುಬೇಹೂಬು ಹೊಂದುವವನು ಕ್ಯಾಪ್ಟನ್ ಒಬ್ಬನೇ ಎಂಬುದು ಬೆಳಕಿಗೆ ಬಂತು. ಅವನನ್ನೇ ಮಾದರಿಯೆಂದು ಘೋಷಿಸಿ, ಪೂರ್ತಿ ಸಾಮಗ್ರಿ ತೊಡಿಸಿ, ಹಣೆಯ ಮೇಲೆ ಟೊಪ್ಪಿಗೆಗೆ ಅರಗಿನ ಮೊಹರೊತ್ತಿ, ಮಖಮಲ್ಲಿನ ಮೇಲೆ ನಿಲ್ಲಿಸಲಾಯಿತು. ಮಾದರಿ ಕಿಲೋಗ್ರಾಂ ಸ್ವಲ್ಪ ಸರಿದು ಜಾಗ ಬಿಡಬೇಕಾಯಿತು.

"ಸಾರ್, ನಾಳೆ ಪಂದ್ಯ," ಎಂದ ಕ್ಯಾಪ್ಟನ್ ಗಾಜಿನ ಹಿಂದಿನಿಂದ. "ನಾನು ಆಡ್ಬೇಕು."

"ಮಾದರಿ ಸವೀಬಾರದು ಕಣ್ರೀ. ಮಾದರಿ ಮೀಟರಲ್ಲಿ ನೀವು ಯಾವತ್ತಾದ್ರೂ ಬಟ್ಟೆ ಅಳೆದಿದ್ದೀರಾ?"

ಅಳೆದಿರಲಿಲ್ಲ. ಇತ್ತ ಹದಿನೈದು ಜನರಿಲ್ಲದೆ ಪಂದ್ಯವೂ ಇಲ್ಲ. ಎರಡು ನಿಯಮಗಳಲ್ಲಿ ಒಂದನ್ನೂ ನೋಯಿಸದೆ ಸಾಹೇಬರು ದಾರಿ ಕಂಡುಹಿಡಿದರು. ಕಪಾಟೇ ಮೈದಾನಕ್ಕೆ ಹೋಗತಕ್ಕದ್ದು.

ಕಪಾಟನ್ನು ಆನೆ ಮತ್ತು ತಿರಸ್ಕೃತರಾದ ಉಳಿದ ಹಳೆಯ ಆಟಗಾರರು ಹೊತ್ತರು. ಮೈದಾನದ ನಡುವೆ ಇಡಬೇಕೆಂದು ಆದೇಶವಿತ್ತು, ಆದರೆ ಇಳಿಸುವ ಹೊತ್ತಿಗೆ ಆನೆಗೆ ದಿಕ್ಕು ತಪ್ಪಿತ್ತು. ಇಳಿಸಿದ್ದು ಅಗ್ನಿಶಾಮಕ ದಳದ ಕೊನೆಯ ಗೆರೆಯ ಮುಂದೆ. ಕ್ಯಾಪ್ಟನ್ ಗಾಜಿನಾಚೆ ಕಣ್ಣರಳಿಸಿ ನೋಡಿದ. ಅವನ ಹಲ್ಲು ಹೋದ ಜಾಗ ಅದೇ. ಗೆರೆ ಒಂದೇ ಹೆಜ್ಜೆ.

ರೆಫರಿ ಕಪಾಟನ್ನು ಒಂದು ಸುತ್ತು ಹಾಕಿ, ಒಳಗಿರುವವನು ಉಸಿರಾಡುತ್ತಿದ್ದಾನೆಂದು ಖಚಿತಪಡಿಸಿಕೊಂಡು, ಹದಿನೈದನೆಯವನೆಂದು ಲೆಕ್ಕಕ್ಕೆ ಹಿಡಿದ. ಪಂದ್ಯ ಶುರುವಾಯಿತು. ಸಾಹೇಬರ ಬಂಧುಬಳಗ ಮೈದಾನದ ತುಂಬ ಓಡಾಡುತ್ತಿತ್ತು, ಬಹುಮಟ್ಟಿಗೆ ಚೆಂಡಿನಿಂದ ದೂರಕ್ಕೆ. ಬೆಂಕಿ ಆರಿಸುವವನೊಬ್ಬ ಬಿದ್ದಿದ್ದ, ಸೋದರತ್ತೆ ಅವನನ್ನು ಎಬ್ಬಿಸಿ ಮಣ್ಣು ಕೊಡವುತ್ತಿದ್ದರು. ಅಜ್ಜಿ ನೆರಳು ಹುಡುಕಿಕೊಂಡು ಬಂದು ಕಪಾಟಿನ ಹಿಂದೆ ನಿಂತಿದ್ದರು.

ಆಗ ಯಾರೋ ಬಲವಾಗಿ ಒದ್ದ ಚೆಂಡು ನೆಲಕ್ಕೆ ಬಿದ್ದು, ಅತ್ತ ಹಾರುವ ಹಾಗೆ ಮಾಡಿ ಇತ್ತ ಹಾರಿ, ಕಪಾಟಿನ ಬಾಗಿಲಿಗೆ ಬಡಿಯಿತು. ಚಿಲಕ ಕಳಚಿತು, ಬಾಗಿಲು ತೆರೆಯಿತು, ಚೆಂಡು ನೇರ ಕ್ಯಾಪ್ಟನ್‌ನ ತೋಳಿಗೆ ಬಂತು.

ತುಳಿದ ಹುಲ್ಲಿನ ವಾಸನೆ ಒಳಗೆ ನುಗ್ಗಿತು. ಕ್ಯಾಪ್ಟನ್‌ಗೆ ಕಣ್ಣಲ್ಲಿ ನೀರು ತುಂಬಿತು. ಕಾಲಲ್ಲಿ ಸ್ಟಡ್ ಬೂಟಿದೆ, ಬಾಯಲ್ಲಿ ಕವಚವಿದೆ, ಎದುರಿಗೆ ಒಬ್ಬರೂ ಇಲ್ಲ.

"ರೀ!" ಅಂಚಿನಲ್ಲಿ ನಿಂತ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಕೂಗಿದಳು. "ಒಂದೇ ಹೆಜ್ಜೆ! ಹಲ್ಲು ಹೋದ್ರೆ ಹೋಗ್ಲಿ, ಹೋಗ್ರೀ!"

ಕ್ಯಾಪ್ಟನ್ ಒಂದು ಕಾಲೆತ್ತಿದ. ಆ ಕಾಲನ್ನೇ ನೋಡಿದ. ಪಾದವನ್ನು ಮೆಲ್ಲಗೆ ಮತ್ತೆ ಮಖಮಲ್ಲಿನ ಮೇಲಿಟ್ಟ.

"ನಾನು ಮಾದರಿ ಕಣೇ," ಎಂದ.

ಬಾಗಿಲಿನಿಂದ ಕೈ ಹೊರಚಾಚಿ, ಚೆಂಡನ್ನು ನಿಯಮದಂತೆ ಹಿಂದಿದ್ದ ಅಜ್ಜಿಗೆ ಕೊಟ್ಟ. ಅಜ್ಜಿ ಅದನ್ನು ಬಗಲಿಗಿಟ್ಟುಕೊಂಡು ಎರಡು ಹೆಜ್ಜೆ ನಡೆಯುವಷ್ಟರಲ್ಲಿ ಎದುರಾಳಿಗಳು ದಡದಡನೆ ಸುತ್ತುವರಿದರು. ಅವರ ನಾಯಕ ಗುಂಪಿನ ನಡುವೆ ಸಿಕ್ಕಿಕೊಂಡ ಮುದುಕಿಯೊಬ್ಬರನ್ನು ಕಂಡ, ತರಬೇತಿ ತಾನಾಗಿ ಕೆಲಸ ಮಾಡಿತು. "ಜಾಗ ಬಿಡಿ! ಹಿರಿಯರು ಸಿಕ್ಕಿಹಾಕ್ಕೊಂಡಿದ್ದಾರೆ!" ನಾಲ್ವರು ಕೈ ಹೆಣೆದು ಕುರ್ಚಿ ಮಾಡಿದರು, ಅಜ್ಜಿಯನ್ನು ಕೂರಿಸಿದರು, ಅಪಾಯವಿಲ್ಲದ ಹತ್ತಿರದ ಜಾಗಕ್ಕೆ ಸಾಗಿಸಿದರು. ಅದು ಅವರದೇ ಗೆರೆಯ ಆಚೆಗಿತ್ತು.

"ಗಾಬರಿ ಆಯ್ತಾ ಅಜ್ಜಿ?"

"ಇಲ್ಲಪ್ಪ, ಟೊಪ್ಪಿಗೆ ಬಿಗಿ," ಎಂದು ಅಜ್ಜಿ ಚೆಂಡನ್ನು ನೆಲಕ್ಕಿಟ್ಟು ದಾರ ಸಡಿಲಿಸಿಕೊಂಡರು. ರೆಫರಿ ಸೀಟಿ ಊದಿದ.

ಇಲಾಖೆಯ ಇತಿಹಾಸದಲ್ಲೇ ಮೊದಲ ಅಂಕ. ಬಂಧುಗಳು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಜೀವ ಉಳಿಸಿದ ಸಮಾಧಾನದಲ್ಲಿ ಬೆಂಕಿ ಆರಿಸುವವರೂ ಚಪ್ಪಾಳೆ ತಟ್ಟಿದರು. ಆನೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಮಾದರಿ ಇದ್ದಲ್ಲಿ ಯಶಸ್ಸು ತಪ್ಪಿದ್ದಲ್ಲ ಎಂದು ಸಾಹೇಬರು ಧ್ವನಿವರ್ಧಕದಲ್ಲಿ ಹೇಳಿ, ಮುಂದಿನ ವರ್ಷವೂ ಇದೇ ವ್ಯವಸ್ಥೆ ಎಂದು ಘೋಷಿಸಿದರು.

ಹೆಂಡತಿ ಓಡಿ ಬಂದಳು. "ಹಲ್ಲು ಭದ್ರ ತಾನೇ?" ಎಂದಳು. ಕ್ಯಾಪ್ಟನ್ ಹಲ್ಲು ತೋರಿಸಿದ. ಅವಳು ಎದ್ದು ನಿಂತಂತೆ ನೆಟ್ಟಗಾದಳು.

ಗಾಳಿಗೆ ಧೂಳು ಏಳುತ್ತಿತ್ತು, ಮಾದರಿಗೆ ಧೂಳು ತಾಗಬಾರದು. ಕ್ಯಾಪ್ಟನ್ ತಾನೇ ಬಾಗಿಲೆಳೆದುಕೊಂಡ. ಕಪಾಟಿಗೆ ಒಳಗಡೆ ಚಿಲಕವಿರಲಿಲ್ಲ, ಹಾಗಾಗಿ ಪಂದ್ಯ ಮುಗಿಯುವವರೆಗೂ ಅದನ್ನು ಕೈಯಿಂದಲೇ ಗಟ್ಟಿಯಾಗಿ ಹಿಡಿದುಕೊಂಡಿದ್ದ.